ಕೊಳದ ಕ್ಯಾಮೆರಾದ ಮೂರು ಬಗೆಯ ‘ಮಸುಕು’: ರಾಡಿ, ಹಾವಸೆ, ಬೆವರು?

ಮಾನ್ಯರೇ,

ಕೈತೋಟದ ಕೊಳದಲ್ಲಿ ಮುಳುಗಿಸಿಟ್ಟು ಮೀನುಗಳ ಓಡಾಟವನ್ನು ನೋಡಬಹುದಾದ ವೆಬ್‌ಕ್ಯಾಮೆರಾವನ್ನು ಮನೆಯಲ್ಲೇ ಕಟ್ಟುವ ಬಗೆ ಹೇಗೆಂದು ತಿಳಿಸುವ ಕಿರು ಕೈಪಿಡಿಯೊಂದನ್ನು ಗಂಗಾವತಿ ಭಾಗದ ಪ್ರೌಢಶಾಲೆಯ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು, ಅದರ ಒಂದು ತುದಿಗೆ ಎಂಡ್ ಕ್ಯಾಪ್, ಇನ್ನೊಂದು ತುದಿಗೆ ಸಿಲಿಕೋನ್ ಹಚ್ಚಿ ಕೂರಿಸಿದ ಗಾಜು, ಒಳಗೊಂದು ಯುಎಸ್‌ಬಿ ಕ್ಯಾಮೆರಾ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಕ್ಯಾಪಿನ ಗ್ಲ್ಯಾಂಡಿನ (ನೀರು ನುಗ್ಗದಂತೆ ವೈರನ್ನು ಬಿಗಿಹಿಡಿಯುವ ಬಿಡಿಭಾಗ) ಮೂಲಕ ಹೊರಬರುವ ವೈರು, ಉಪಕರಣವೆಂದರೆ ಇಷ್ಟೇ. ವೈಫೈ ಅಲೆಗಳು ನೀರಿನಲ್ಲಿ ಬಹುಬೇಗ ಸೊರಗುವುದರಿಂದ ವೈರು ಬೇಕೇ ಬೇಕು, ಯುಎಸ್‌ಬಿ 2.0 ಆದರೆ ಅದರ ಉದ್ದ 5 ಮೀಟರ್ ಮೀರಬಾರದು. ಈ ಬಿಡಿಭಾಗಗಳ ಹೆಸರಿನಲ್ಲಿ ನನಗೆ ಯಾವ ತೊಡಕೂ ಇಲ್ಲ. ಬೋರ್‌ವೆಲ್‌ಗೆ ಮೋಟರು ಇಳಿಸುವವರಿಂದ ಹಿಡಿದು ವೈಂಡಿಂಗ್ ಅಂಗಡಿಯವರವರೆಗೆ ಎಲ್ಲರ ಬಾಯಲ್ಲೂ ಇರುವ ಪೈಪು, ಕ್ಯಾಪು, ಗ್ಲ್ಯಾಂಡು, ವಾಷರುಗಳನ್ನು ಬಿಟ್ಟು ಹೊಸ ಪದ ಟಂಕಿಸುವ ಅಗತ್ಯ ನನಗೆ ಕಾಣುವುದಿಲ್ಲ.

ತೊಡಕಿರುವುದು ಚಿತ್ರ ಸರಿಯಾಗಿ ಕಾಣದಿದ್ದಾಗ ಏನೆನ್ನಬೇಕು ಎಂಬಲ್ಲಿ. ಮೊದಲ ಕರಡಿನಲ್ಲಿ ಎಲ್ಲ ಕಡೆಯೂ ‘ಚಿತ್ರ ಮಸುಕಾದರೆ’ ಎಂದೇ ಬರೆದಿದ್ದೆ. ಆದರೆ ಮಸುಕಿಗೆ ಕಾರಣಗಳು ಮೂರು, ಮೂರಕ್ಕೂ ಮದ್ದು ಬೇರೆ. ನೀರೇ ಕದಡಿರಬಹುದು, ಗಾಜಿನ ಹೊರಮೈಗೆ ಲೋಳೆ ಹತ್ತಿರಬಹುದು, ಗಾಜಿನ ಒಳಮೈಯಲ್ಲಿ ಹನಿ ಕೂತಿರಬಹುದು. ಒಂದಕ್ಕೆ ಮಾಡಬೇಕಾದ ಉಪಾಯವನ್ನು ಇನ್ನೊಂದಕ್ಕೆ ಮಾಡಿದರೆ ಸರಿಯಾಗಿದ್ದ ಪೈಪಿನ ಪೆಟ್ಟಿಗೆಯೂ ಕೆಡುತ್ತದೆ. ಹಾಗಾಗಿ ಮೂರಕ್ಕೂ ಮೂರು ಮಾತುಗಳು ಬೇಕು, ಅವು ಈ ಭಾಗದ ಮಕ್ಕಳಿಗೆ ಕೇಳಿದೊಡನೆ ತಿಳಿಯಬೇಕು.

ಮೊದಲನೆಯದಕ್ಕೆ ‘ರಾಡಿ’ ಸಾಕೆಂದು ನನ್ನ ಅಭಿಪ್ರಾಯ. ಪುಸ್ತಕದ ‘ಬಗ್ಗಡ’ ನಮ್ಮ ಕಡೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮಳೆಗಾಲದ ಹೊಸನೀರು ಬಂದಾಗ ರಾಡಿನೀರು ಎಂದೇ ಹೇಳುವುದು ರೂಢಿ. ಎರೆಮಣ್ಣಿನ ಕಣಗಳು ತೀರಾ ಸಣ್ಣವಾದ್ದರಿಂದ ಅದು ತಿಳಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ‘ರಾಡಿ ತುಳಿದ’ ಎನ್ನುವಾಗ ಕೆಸರೆಂಬ ಅರ್ಥವೂ ಇದೆಯಾದ್ದರಿಂದ ಬಿಡಿಪದದ ಬದಲು ‘ರಾಡಿನೀರು’ ಎಂದೇ ಬಳಸುತ್ತೇನೆ.

ಎರಡನೆಯದಕ್ಕೆ ‘ಪಾಚಿ’ ಎಂದು ಬರೆದಿದ್ದನ್ನು ‘ಹಾವಸೆ’ ಎಂದು ತಿದ್ದುವ ಮನಸ್ಸಾಗಿದೆ. ಪಾಚಿ ಎಂದರೆ ನೀರ ಮೇಲೆ ತೇಲುವ ಹಸಿರು ಎಳೆಗಳೂ ಆದಾವು. ಮಕ್ಕಳು ಅದನ್ನು ಕೋಲಿನಿಂದ ಸರಿಸಿ ಸುಮ್ಮನಾಗುತ್ತಾರೆ. ಗಾಜಿಗೆ ಹತ್ತುವುದು ಎಳೆಯಲ್ಲ, ಬೆರಳಿಟ್ಟರೆ ಜಾರುವ ತೆಳುಲೇಪ. ವಚನಗಳಲ್ಲಿ ಬರುವ ‘ಹಾವಸೆಗಲ್ಲು’ ಎಂಬ ಸಮಾಸದಲ್ಲಿ ಕಾಲು ಜಾರಿಸುವ ಈ ಗುಣವೇ ಮುಖ್ಯ. ‘ಪೊರೆ’ ಎನ್ನಬಹುದೇ ಎಂದೂ ಯೋಚಿಸಿದೆ. ಕಣ್ಣಿನ ಪೊರೆಯ ಹೋಲಿಕೆ ಕ್ಯಾಮೆರಾಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಕಣ್ಣಿನ ಪೊರೆ ಇರುವುದು ಒಳಗೆ, ಇದು ಇರುವುದು ಹೊರಗೆ. ನೀರಿನಲ್ಲಿ ಕೈಯಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುವುದಕ್ಕೆ ಶಸ್ತ್ರಚಿಕಿತ್ಸೆಯ ನೆನಪು ಬೇಡವೆನಿಸಿತು.

ಮೂರನೆಯದೇ ನಿಜವಾದ ಪ್ರಶ್ನೆ. ಪೆಟ್ಟಿಗೆಯನ್ನು ಮುಚ್ಚುವಾಗ ಒಳಗೆ ಸಿಕ್ಕಿಕೊಂಡ ಗಾಳಿಯಲ್ಲಿ ತೇವವಿರುತ್ತದೆ. ತಣ್ಣನೆಯ ನೀರಿಗೆ ಇಳಿಸಿದಾಗ ಗಾಜು ತಣಿದು, ಆ ತೇವ ಅದರ ಒಳಮೈಯಲ್ಲಿ ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ. ಪಠ್ಯಪುಸ್ತಕದ ಮಾತು ‘ಸಾಂದ್ರೀಕರಣ’. ಆಡುಮಾತಿನಲ್ಲಿ ‘ಗಾಜು ಬೆವರಿದೆ’ ಎನ್ನುತ್ತೇವೆ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇದೇ ಪದದ ಒಳಗೆ ಒಂದು ಮೋಸವಿದೆ. ತಣ್ಣೀರು ತುಂಬಿದ ಸ್ಟೀಲ್ ತಂಬಿಗೆಯೂ ಬೆವರುತ್ತದೆ, ಮಣ್ಣಿನ ಗಡಿಗೆಯೂ ಬೆವರುತ್ತದೆ. ತಂಬಿಗೆಯ ಬೆವರು ಹೊರಗಿನ ಗಾಳಿಯಿಂದ ಬಂದದ್ದು. ಗಡಿಗೆಯದು ಒಳಗಿನ ನೀರು ಸೂಕ್ಷ್ಮ ರಂಧ್ರಗಳಿಂದ ಜಿನುಗಿ ಬಂದದ್ದು. ನಮ್ಮ ಕ್ಯಾಮೆರಾದ ಗಾಜು ತಂಬಿಗೆಯ ಜಾತಿಗೆ ಸೇರಿದ್ದು. ಮಕ್ಕಳು ಗಡಿಗೆಯ ಜಾತಿಯೆಂದು ತಿಳಿದರೆ ಕೊಳದ ನೀರೇ ಒಳಗೆ ಇಳಿಯುತ್ತಿದೆ ಎಂದು ಹೊರಗಿನಿಂದ ಸಿಲಿಕೋನ್ ಮೇಲೆ ಸಿಲಿಕೋನ್ ಮೆತ್ತುತ್ತಾರೆ, ಹನಿ ಮಾತ್ರ ಇದ್ದಲ್ಲೇ ಇರುತ್ತದೆ. (ನಿಜವಾಗಿ ಜಿನುಗುತ್ತಿದೆಯೇ ಎಂದು ನೋಡಲು ಕ್ಯಾಮೆರಾ ಇಡುವ ಮೊದಲೇ ಪೆಟ್ಟಿಗೆಯೊಳಗೆ ಒಣ ಪತ್ರಿಕೆಯ ತುಂಡು ಹಾಕಿ, ರಾತ್ರಿಯಿಡೀ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡಬೇಕೆಂದು ಬೇರೆ ಪುಟದಲ್ಲಿ ಹೇಳಿದ್ದೇನೆ. ಖಾಲಿ ಪೈಪು ತೇಲುತ್ತದೆ, ಮೇಲೊಂದು ಕಲ್ಲು ಬೇಕು.)

ಹೀಗಾಗಿ ‘ಇಬ್ಬನಿ’ ಎಂಬ ಪದದತ್ತ ಒಲವು ಹೆಚ್ಚಿದೆ. ಇಬ್ಬನಿ ಗಾಳಿಯಿಂದ ಬರುತ್ತದೆ, ಎಲೆಯೊಳಗಿನಿಂದ ಅಲ್ಲ ಎಂಬುದು ಮಕ್ಕಳಿಗೆ ಗೊತ್ತಿರುವ ಸಂಗತಿ, ನಮ್ಮ ಗಾಜಿನ ಹನಿಗೂ ಕಾರಣ ಅದೇ. ಆದರೆ ಇಬ್ಬನಿ ಬೀಳುವುದು, ಸುರಿಯುವುದು ಎಂಬ ಬಳಕೆಯನ್ನಷ್ಟೇ ನಾನು ಕೇಳಿದ್ದೇನೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇಬ್ಬನಿ ‘ಬೀಳಲು’ ಬರುವುದಿಲ್ಲ. ‘ಕಟ್ಟು’ ಕ್ರಿಯಾಪದ ಹೊಂದೀತೇ, ‘ಹಿಡಿ’ ಹೊಂದೀತೇ? ರಾಯಚೂರು, ಬಳ್ಳಾರಿ ಕಡೆಯವರು ಚಳಿಗಾಲದ ಬೆಳಗಿನಲ್ಲಿ ಬಸ್ಸಿನ ಗಾಜಿನ ಒಳಮೈ ಮಬ್ಬಾದಾಗ ಏನೆನ್ನುತ್ತಾರೆಂದು ತಿಳಿಸಿದರೆ ಅದನ್ನೇ ತೆಗೆದುಕೊಳ್ಳುವೆ. ಸದ್ಯಕ್ಕೆ ಕೈಪಿಡಿಯಲ್ಲಿ ಈ ವಾಕ್ಯವಿದೆ, ಎಂಟನೆಯ ತರಗತಿಯವರಿಗೆ ಇದು ಸರಾಗವೇ ಎಂಬುದನ್ನೂ ದಯವಿಟ್ಟು ಹೇಳಿ: ‘ಗಾಜಿನ ಒಳಮೈಗೆ ಇಬ್ಬನಿ ಕಟ್ಟಿದ್ದರೆ ಸಿಲಿಕೋನನ್ನು ಮುಟ್ಟಬೇಡಿ, ಕ್ಯಾಪು ಬಿಚ್ಚಿ, ಒಳಗೆಲ್ಲ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣವನ್ನು ಬದಲಿಸಿ, ಬಿಸಿಲು ಚುರುಕಾಗಿರುವ ಹೊತ್ತಿನಲ್ಲಿ ಮತ್ತೆ ಮುಚ್ಚಿ.’