2002ರ ಹೋಂಡಾ ಸಿಟಿ ವಿಟೆಕ್: ಎಂಜಿನ್ ಬೋರ್ ಮಾಡಿಸಲೋ, ಗುಜರಿ ಎಂಜಿನ್ ಕೂರಿಸಲೋ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. 1,92,000 ಕಿ.ಮೀ. ಓಡಿದೆ. ನೋಡೋಕೆ ಸಾದಾ ಸೆಡಾನ್. ಆದರೆ 106 ಹಾರ್ಸ್‌ಪವರ್ ಎಂಜಿನ್, ಹಗುರ ಬಾಡಿ. ಓಡಿಸಿದವರಿಗೆ ಇದು ಸ್ಪೋರ್ಟ್ಸ್ ಕಾರೇ. ಕಾಲೇಜು ದಿನಗಳಿಂದ ಆಸೆಪಟ್ಟು ಕೊಂಡ ಗಾಡಿ, ಮಾರುವ ಮಾತಿಲ್ಲ.

ಈಗ 800 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ತಿನ್ನುತ್ತಿದೆ. ಓವರ್‌ಟೇಕ್ ಮಾಡುವಾಗ ಹಿಂದೆ ನೀಲಿ ಹೊಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಷ್ಟಿಲ್ಲ. ಕಳೆದ ಏಪ್ರಿಲ್‌ನಲ್ಲಿ ಭರಮಸಾಗರದ ಹತ್ತಿರ ಒಮ್ಮೆ ಹೀಟ್ ಆಗಿ ಮುಳ್ಳು ಕೆಂಪು ಗೆರೆಗೆ ಹೋಗಿತ್ತು. ತಣ್ಣಗಾದ ಮೇಲೆ ಹೋಟೆಲ್ ನೀರು ಹಾಕಿ ಮನೆಗೆ ತಂದೆ. ಅದಾದ ಮೇಲೇ ಆಯಿಲ್ ಕುಡಿಯೋದು ಜಾಸ್ತಿ ಆಗಿದ್ದು.

ಒಂದು ಗ್ಯಾರೇಜಿನವರು ಎಂಜಿನ್ ಬೋರ್‌ಗೆ ಬಂದಿದೆ (ಸವೆದ ಸಿಲಿಂಡರ್‌ನ ಒಳಗೋಡೆ ಕೊರೆದು ದೊಡ್ಡ ಪಿಸ್ಟನ್ ಹಾಕಬೇಕು), 75 ಸಾವಿರ ಆಗುತ್ತೆ ಎಂದರು. ಇನ್ನೊಬ್ಬರು ಬೆಂಗಳೂರಿನ ಶಿವಾಜಿನಗರದಿಂದ ಹಳೇ ಎಂಜಿನ್ ತಂದು 45 ಸಾವಿರಕ್ಕೆ ಕೂರಿಸಿ ಕೊಡುತ್ತೇವೆ ಅಂತಾರೆ. ಇಬ್ಬರೂ ಬಾನೆಟ್ ಎತ್ತಿ ನೋಡಿ ಹೇಳಿದ್ದಷ್ಟೇ. ಏನು ಮಾಡಲಿ?

ಉತ್ತರ (ಚಿತ್ರದುರ್ಗದಿಂದ)

ನಮಸ್ಕಾರ. ನಾನೂ ಇದೇ ಎಂಜಿನ್ ಒಮ್ಮೆ ಪೂರ್ತಿ ಬಿಚ್ಚಿ ಮಾಡಿಸಿದ್ದೇನೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇಬ್ಬರಿಗೂ ಈಗಲೇ ಅಡ್ವಾನ್ಸ್ ಕೊಡಬೇಡಿ. ಅಳತೆ ಮಾಡದೆ ಬೋರ್ ಅನ್ನುವವರ ಮಾತನ್ನೂ, ಎಂಜಿನ್ ಬದಲಿಸಿ ಅನ್ನುವವರ ಮಾತನ್ನೂ ನಂಬೋಕೆ ಆಗಲ್ಲ.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ. ಎಂಜಿನ್ ಬಿಸಿ ಇರಬೇಕು, ಬ್ಯಾಟರಿ ಚೆನ್ನಾಗಿರಬೇಕು. ನಾಲ್ಕೂ ಪ್ಲಗ್ ತೆಗೆಯಿರಿ, ಪೆಟ್ರೋಲ್ ಮತ್ತು ಕರೆಂಟ್ ಎರಡೂ ಬಂದ್ ಮಾಡಿ, ಪ್ಲಗ್ ತೂತಿಗೆ ಗೇಜ್ ಹಾಕಿ, ಎಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಈ ಎಂಜಿನ್ ಚೆನ್ನಾಗಿದ್ದರೆ 185 ಪಿಎಸ್‌ಐ ಆಸುಪಾಸು ಬರುತ್ತೆ. 135ಕ್ಕಿಂತ ಕೆಳಗೆ ಹೋದರೆ ಎಂಜಿನ್ ರಿಪೇರಿಗೆ ಬಂದಿದೆ ಅಂತಲೇ ಅರ್ಥ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೂ 28 ದಾಟಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ (ಸಿಲಿಂಡರ್‌ನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಪದರ). ನಾಲ್ಕೂ ಚೆನ್ನಾಗಿದ್ದು, ಎಕ್ಸಿಲೇಟರ್ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಹೊಗೆ ಬಂದರೆ ವಾಲ್ವ್ ಸೀಲ್ ಹಾಕಿಸಿದರೆ ಸಾಕಾಗಬಹುದು. ಅಷ್ಟಕ್ಕೇ ಎಂಜಿನ್ ಇಳಿಸಬೇಕಿಲ್ಲ.

ಇನ್ನೊಂದು ಮಾತು. ರೇಡಿಯೇಟರ್‌ಗೆ ಇಷ್ಟು ದಿನ ಏನು ಹಾಕುತ್ತಿದ್ದಿರಿ? ತಣ್ಣಗಿದ್ದಾಗ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿ ನೋಡಿ.

ಪ್ರಶ್ನೆ ಕೇಳಿದವರು

ಅಣ್ಣಾ, ನಿನ್ನೆ ನೋಡಿಸಿದೆ. ಒಂದನೆಯದು 170, ಎರಡು 165, ಮೂರು 110, ನಾಲ್ಕು 160. ಮೂರನೆಯದಕ್ಕೆ ಆಯಿಲ್ ಬಿಟ್ಟ ಮೇಲೆ 150 ಆಯಿತು. ರೇಡಿಯೇಟರ್ ಬಾಯಲ್ಲಿ ಬೆಳ್ಳಗೆ ಸುಣ್ಣದ ಪದರ ಕಟ್ಟಿದೆ. ಮೊದಲಿನ ಓನರ್ ಬೋರ್‌ವೆಲ್ ನೀರು ಹಾಕುತ್ತಿದ್ದರಂತೆ, ನಾನೂ ಅದನ್ನೇ ಮುಂದುವರಿಸಿದೆ. ಕೂಲಂಟ್ ಹಾಕಿಲ್ಲ.

ಉತ್ತರ (ಚಿತ್ರದುರ್ಗದಿಂದ)

ಹಾಗಾದರೆ ಕಥೆ ಶುರುವಾಗಿದ್ದೇ ಅಲ್ಲಿಂದ. ನಮ್ಮ ಎರಡೂ ಜಿಲ್ಲೆಗಳ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಅದೇ ಸುಣ್ಣ ರೇಡಿಯೇಟರ್‌ನ ಸಣ್ಣ ಟ್ಯೂಬುಗಳಲ್ಲೂ ಬ್ಲಾಕ್‌ನ ನೀರಿನ ದಾರಿಯಲ್ಲೂ ಕೂತು ಬಿಡುತ್ತೆ. ಮೇಲೆ ನೀರು ಕಾಣುತ್ತೆ, ಆದರೆ ಶಾಖ ಹೊರಗೆ ಹೋಗಲ್ಲ. ಏಪ್ರಿಲ್ ಬಿಸಿಲಲ್ಲಿ ಹೀಟ್ ಆದಾಗ ಮೂರನೇ ಸಿಲಿಂಡರ್‌ನ ರಿಂಗ್ ಬಿಗಿ ಕಳೆದುಕೊಂಡಿರಬೇಕು, ಗೋಡೆಗೆ ಗೀರು ಬಿದ್ದಿದ್ದರೂ ಆಶ್ಚರ್ಯವಿಲ್ಲ.

ಇದನ್ನು ಸರಿಮಾಡದೆ ಶಿವಾಜಿನಗರದ ಎಂಜಿನ್ ಕೂರಿಸಿದರೂ ಅದೇ ಗತಿ. ಆ ಎಂಜಿನ್ ಎಷ್ಟು ಓಡಿದೆ, ಹೀಟ್ ಆಗಿತ್ತಾ ಅಂತ ಯಾರೂ ಹೇಳಲಾರರು. ಬೆಲ್ಟ್, ಸೀಲ್, ವಾಟರ್ ಪಂಪ್ ಅದಕ್ಕೂ ಹೊಸದು ಹಾಕಲೇಬೇಕು. ಎಂಜಿನ್ ನಂಬರ್ ಬದಲಾದರೆ ಆರ್‌ಸಿಯಲ್ಲೂ ಬದಲಿಸಬೇಕು. ಬಿಲ್ ಇಟ್ಟುಕೊಂಡು ಆರ್‌ಟಿಒಗೆ ಹೋಗಬೇಕು. ನಿಮ್ಮ ಗಾಡಿಗೆ 15 ವರ್ಷ ದಾಟಿದೆ, ಐದೈದು ವರ್ಷಕ್ಕೆ ರಿನ್ಯೂವಲ್ ಇದೆ. ಇನ್‌ಸ್ಪೆಕ್ಷನ್‌ನಲ್ಲಿ ನಂಬರ್ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತೆ. 30 ಸಾವಿರ ಉಳಿಯುತ್ತೆ ಅಂತ ಈ ತಲೆನೋವು ತಗೊಳ್ಳೋದು ನನಗೆ ಸರಿ ಕಾಣಲ್ಲ.

ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಹೋಗಿದ್ದರೆ ನಾನೇ ಬೇರೆ ಎಂಜಿನ್ ತನ್ನಿ ಅನ್ನುತ್ತಿದ್ದೆ. ನಿಮಗೆ ಕೆಳಗಿನಿಂದ ಬಡಿತದ ಸದ್ದಿಲ್ಲ, ಆಯಿಲ್ ಲೈಟ್ ಉರಿಯುತ್ತಿಲ್ಲ ಅಲ್ವಾ? ಹಾಗಿದ್ದರೆ ಬೋರ್ ಮಾಡಿಸಿ.

ಕೆಲಸದ ಕ್ರಮ ತಪ್ಪಬಾರದು. ಹೆಡ್ ಬಿಚ್ಚಿದ ಮೇಲೆ ಬೋರ್ ಗೇಜ್‌ನಲ್ಲಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಎರಡೂ ದಿಕ್ಕಲ್ಲಿ ಅಳೆಯಿಸಿ. ಮೂಲ ಬೋರ್ 75 ಮಿ.ಮೀ. ಸವೆತ ನೋಡಿ 0.25 ಓವರ್‌ಸೈಜ್ ಸಾಕೋ 0.50 ಬೇಕೋ ತೀರ್ಮಾನಿಸಿ. ಆಮೇಲೆ ಪಿಸ್ಟನ್ ತರಿಸಿ. ಪಿಸ್ಟನ್ ಕೈಗೆ ಬಂದ ಮೇಲೇ ಬ್ಲಾಕ್ ಕೊಡಿ, ಪಿಸ್ಟನ್ ಅಳತೆಗೆ ಬೋರ್ ಕೊರೆಯಬೇಕೇ ಹೊರತು ಬೋರ್‌ಗೆ ಪಿಸ್ಟನ್ ಹುಡುಕೋದಲ್ಲ. ನಾನು ಮೊದಲ ಸಲ ಇದರಲ್ಲೇ ಎಡವಿ ಎರಡು ತಿಂಗಳು ಗಾಡಿ ನಿಲ್ಲಿಸಿದ್ದೆ.

ಬೋರಿಂಗ್ ಅಂಗಡಿಗೆ ದೂರ ಹೋಗಬೇಕಿಲ್ಲ. ಹರಿಹರದಲ್ಲಿ 1941ರಲ್ಲಿ ಲೇತ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಾಗಿನಿಂದ ಆ ಊರಿಗೆ ಲೇತ್ ಕೆಲಸ ಹೊಸದಲ್ಲ. ಆದರೆ ಲಾರಿ ಬ್ಲಾಕ್ ಮಾಡಿದ ಅನುಭವ ಸಾಲದು, ಅದು ಪೂರ್ತಿ ಬೀಡು (ಎರಕದ ಕಬ್ಬಿಣ). ನಿಮ್ಮದು ಅಲ್ಯೂಮಿನಿಯಂ ಬ್ಲಾಕ್, ಒಳಗೆ ಬೀಡಿನ ಸ್ಲೀವ್. ಇಂಥದ್ದು ಮಾಡಿದ ಅನುಭವ ಇದೆಯಾ ಅಂತ ಕೇಳಿಯೇ ಕೊಡಿ. ಹೀಟ್ ಆಗಿದ್ದರಿಂದ ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ನೋಡಿಸಿ. 0.05 ಮಿ.ಮೀ.ವರೆಗೆ ಪರವಾಗಿಲ್ಲ, ದಾಟಿದರೆ ಫೇಸಿಂಗ್ (ಮೇಲ್ಮೈ ತುಸು ಕೊರೆದು ಸಮ ಮಾಡೋದು) ಮಾಡಿಸಬೇಕು. 0.2 ದಾಟಿದರೆ ಬೇರೆ ಹೆಡ್ಡೇ ಗತಿ.

ಟೈಮಿಂಗ್ ಬೆಲ್ಟ್, ಅದೇ ಬೆಲ್ಟ್‌ನಲ್ಲಿ ತಿರುಗುವ ವಾಟರ್ ಪಂಪ್, ವಾಲ್ವ್ ಸೀಲ್ ಎಲ್ಲ ಈಗಲೇ ಹೊಸದು. ರೇಡಿಯೇಟರ್ ತೊಳೆಸೋದು ಬೇಡ, ಹೊಸದೇ ಹಾಕಿ. ಥರ್ಮೋಸ್ಟ್ಯಾಟ್ ತೆಗೆದು ಬಿಸಾಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದಿಲ್ಲದೆ ಎಂಜಿನ್ ಬೇಗ ಬಿಸಿಯಾಗಲ್ಲ, ಜಾಸ್ತಿ ಪೆಟ್ರೋಲ್ ಗೋಡೆಯ ಆಯಿಲ್ ತೊಳೆದು ಹೊಸ ರಿಂಗ್ ಸವೆಸುತ್ತೆ.

ಪ್ರಶ್ನೆ ಕೇಳಿದವರು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹೆಡ್ ಬಿಚ್ಚಿಸಿದೆವು. ಮೂರನೇ ಸಿಲಿಂಡರ್‌ನಲ್ಲಿ ಉಗುರಿಗೆ ಸಿಗುವಷ್ಟು ಎರಡು ಗೀರು. ಉಳಿದ ಮೂರು ಚೆನ್ನಾಗಿವೆ, ಆದರೂ ನಾಲ್ಕನ್ನೂ ಒಂದೇ ಅಳತೆಗೆ ಮಾಡಿಸುತ್ತಿದ್ದೇವೆ. ಕ್ರ್ಯಾಂಕ್ ಅಳತೆ ಸರಿ ಬಂತು, ಬೇರಿಂಗ್ ಮಾತ್ರ ಹೊಸದು. ಹೆಡ್ 0.08 ಬಾಗಿತ್ತು, ಫೇಸಿಂಗ್ ಆಯಿತು. ಹರಿಹರದ ಅಂಗಡಿಯವರು ನೀವು ಹೇಳಿದ ಮಾತನ್ನೇ ಹೇಳಿದರು: ಪಿಸ್ಟನ್ ತನ್ನಿ, ಆಮೇಲೆ ಮಷೀನ್‌ಗೆ ಹಾಕೋಣ. 0.50 ಪಿಸ್ಟನ್ ಆರ್ಡರ್ ಮಾಡಿದ್ದೇನೆ.

ಹೊಸ ರೇಡಿಯೇಟರ್ ಬಂದಿದೆ. ಐದು ಲೀಟರ್ ಡಿಸ್ಟಿಲ್ಡ್ ವಾಟರ್, ಕೂಲಂಟ್ ಕ್ಯಾನ್ ತಂದಿಟ್ಟಿದ್ದೇನೆ. ಬ್ಲಾಕ್‌ಗೆ ಆಯಿಲ್ ಸವರಿ, ಬಟ್ಟೆ ಸುತ್ತಿ ಮನೆಯಲ್ಲೇ ಇಟ್ಟಿದ್ದೇನೆ ಅಣ್ಣಾ. ಪಿಸ್ಟನ್ ಬಂದ ದಿನ ಫೋಟೋ ಹಾಕುತ್ತೇನೆ, ರಿಂಗ್ ಗ್ಯಾಪ್ (ರಿಂಗ್‌ನ ಎರಡು ತುದಿಗಳ ನಡುವಿನ ಸಂದು) ನೋಡುವಾಗ ನಿಮ್ಮ ಸಹಾಯ ಬೇಕು.