ಮನೆಯವರು ಲಡಾಖ್‌ನಲ್ಲಿದ್ದಾರೆ, ನಾನು ಮಗನಿಗೆ ದಬ್ಬೆಯಲ್ಲಿ ಹೊಡೆದೆ. ಇನ್ನೊಮ್ಮೆ ಹೀಗಾಗದ ಹಾಗೆ ಏನು ಮಾಡಲಿ?

ಹೊಸನಗರದ ಗೃಹಿಣಿ:

ಊರಲ್ಲಿ ಯಾರ ಹತ್ರನೂ ಹೇಳೋ ಹಾಗಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ. ನಮ್ಮನೆಯವರು ಸೈನ್ಯದಲ್ಲಿ ನಾಯಕ್. ಈಗ ಲಡಾಖ್ ಕಡೆ ಫೀಲ್ಡ್ ಪೋಸ್ಟಿಂಗ್, ಅಲ್ಲಿಗೆ ಫ್ಯಾಮಿಲಿ ಕರ್ಕೊಂಡು ಹೋಗೋ ಹಾಗಿಲ್ಲ. ಮಗಳ ನಾಮಕರಣಕ್ಕೆ ಬಂದವರು ರಜೆ ಮುಗಿಸಿ ಹೋಗಿ ಐದು ತಿಂಗಳಾಯ್ತು. ಮನೇಲಿ ನಾನು, ಐದು ವರ್ಷದ ಮಗ, ಏಳು ತಿಂಗಳ ಮಗಳು, ಅತ್ತೆ. ಅತ್ತೆಗೆ ಮಂಡಿ ನೋವು, ಗೋಡೆ ಹಿಡ್ಕೊಂಡೇ ಓಡಾಡ್ತಾರೆ. ತೋಟದ ನಡುವೆ ಒಂಟಿ ಮನೆ, ಪಕ್ಕದ ಮನೆಗೆ ಹೋಗ್ಬೇಕಂದ್ರೆ ಹಳ್ಳ ದಾಟ್ಬೇಕು.

ಅವತ್ತು ಕರೆಂಟ್ ಹೋಗಿ ನಾಲ್ಕನೇ ದಿನ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋಕೆ ಬರ್ತೀನಿ ಅಂದಿದ್ದ, ಮರ ಹತ್ತೋ ಕೊನೆಗಾರ ಬಂದಿರಲಿಲ್ಲ. ರಾತ್ರಿಯಿಡೀ ಮಗಳು ಅತ್ತಿದ್ದಳು. ಮನೆಯವರ ಫೋನ್ ಬಂದು ಒಂಬತ್ತು ದಿನ ಆಗಿತ್ತು. ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ, ದಿನಾ ಸಂಜೆ ಕೊಡೆ ಹಿಡ್ಕೊಂಡು ಅಲ್ಲಿ ಹೋಗಿ ನಿಲ್ತಿದ್ದೆ. ಮಗ ಆ ಫೋನನ್ನ ಬಚ್ಚಲ ಹಂಡೆಯೊಳಗೆ ಬಿಟ್ಟ. ದೋಣಿ ಮಾಡಿದ್ದೆ ಅಂದ. ಮೂಲೇಲಿದ್ದ ದಬ್ಬೆ, ಅಡಿಕೆ ಮರದ ಸೀಳು, ತಗೊಂಡು ಹೊಡ್ದೆ. ಎಷ್ಟು ಏಟು ಅಂತ ನನಗೇ ಗೊತ್ತಿಲ್ಲ. ಅತ್ತೆ ಗೋಡೆ ಬಿಟ್ಟು ಬಂದು ಕೈ ಹಿಡ್ಕೊಂಡ ಮೇಲೆ ನಿಲ್ಲಿಸಿದೆ.

ಮೀನಖಂಡದ ಮೇಲೆ ಬಾಸುಂಡೆ ಎದ್ದಿತ್ತು. ಅಂಗನವಾಡಿ ಟೀಚರ್ ಏನಾಯ್ತೋ ಅಂತ ಕೇಳಿದ್ದಕ್ಕೆ 'ಜಾರಿ ಬಿದ್ದೆ' ಅಂದನಂತೆ. ಹಾಗೆ ಹೇಳು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಐದು ವರ್ಷದ ಮಗು ನನ್ನ ಮರ್ಯಾದೆ ಕಾಯ್ತು. ಅವತ್ತಿಂದ ನನಗೆ ಅನ್ನ ಇಳೀತಿಲ್ಲ.

ಇನ್ನೂ ಒಂದಿದೆ. ಹೋದ ವಾರ ಮಗಳು ಅಳ್ತಾ ಇದ್ದಾಗ ತೊಟ್ಟಿಲಲ್ಲೇ ಬಿಟ್ಟು ತೋಟಕ್ಕೆ ಹೋಗಿ ಕೂತೆ, ಅತ್ತೆಗೆ ಎತ್ಕೊಳ್ಳೋಕಾಗಲ್ಲ ಅಂತ ಗೊತ್ತಿದ್ದೂ. ವಾಪಸ್ ಬಂದಾಗ ಕತ್ತಲಾಗ್ತಿತ್ತು. ಒದ್ದೆ ಬಟ್ಟೆಯಲ್ಲೇ ಅತ್ತು ಅತ್ತು ಮಲಗಿಬಿಟ್ಟಿತ್ತು ಕೂಸು.

ಮನೆಯವರಿಗೆ ಹೇಳ್ಬೇಕಾ? ಗಡೀಲಿರೋರಿಗೆ ಮನೆ ಚಿಂತೆ ಹಚ್ಚಬೇಡ ಅಂತ ಎಲ್ಲರೂ ಹೇಳ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರೆ ಮಕ್ಕಳನ್ನ ಕರ್ಕೊಂಡು ಹೋಗಿಬಿಡ್ತಾರಾ? ನಾದಿನಿ ಕೊಟ್ಟ ಹಳೇ ಫೋನಲ್ಲಿ ದಿಬ್ಬದ ಮೇಲೆ ನಿಂತು ಬರೀತಿದ್ದೀನಿ, ಉತ್ತರ ನೋಡೋದು ನಾಳೆ ಸಂಜೆಗೇ.

ಮಾಜಿ ಹವಾಲ್ದಾರ್, ಸಾಗರ:

ಹೇಳು ತಂಗೀ. ಮೊದಲು ಅವನಿಗೇ ಹೇಳು.

ನಾನು 24 ವರ್ಷ ಸರ್ವೀಸ್ ಮಾಡಿ ಬಂದವನು. ಫೋನ್ ಮಾಡಿದಾಗಲೆಲ್ಲ ನಮ್ಮನೆಯಾಕೆ 'ಇಲ್ಲಿ ಎಲ್ಲಾ ಆರಾಮು' ಅಂತಲೇ ಹೇಳ್ತಿದ್ದಳು. ಒಂದ್ಸಲ ರಜೆಗೆ ಬಂದಾಗ ಅಟ್ಟದಿಂದ ಕಂಬಳಿ ತೆಗೆಯೋಣ ಅಂತ ಕೈ ಎತ್ತಿದೆ. ಪಕ್ಕದಲ್ಲಿದ್ದ ದೊಡ್ಡ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ಅವಳಿಗೆ ಒಂದೇಟೂ ಹೊಡೆದವನಲ್ಲ. ಆಮೇಲೆ ಒಂದೊಂದಾಗಿ ಗೊತ್ತಾಯ್ತು. ನಾನು ಮಾಡಿದ ತಪ್ಪು ಅಂದ್ರೆ ಮನೆಯಾಕೆ ಮೇಲೆ ಕೂಗಾಡಿದ್ದು. ಎರಡು ಮಕ್ಕಳು, ದನ, ತೋಟ, ಹಾಸಿಗೆ ಹಿಡಿದ ನಮ್ಮಪ್ಪ, ಎಲ್ಲಾ ಅವಳ ತಲೆ ಮೇಲೆ ಹಾಕಿ ಹೋದವನು ನಾನೇ. ಅದಕ್ಕೆ ನಿನ್ನ ಗಂಡನಿಗೂ ಈ ಮಾತು ಓದಿ ಹೇಳು: ಕೇಳಿದ ತಕ್ಷಣ ಬೈಬೇಡ.

ಅವನು ಕಂಪನಿ ಕಮಾಂಡರ್ ಹತ್ರ ಬಾಯಿಬಿಟ್ಟು ಕೇಳಬೇಕು. ವರ್ಷಕ್ಕೆ 60 ದಿನ ಆನ್ಯುಯಲ್, 30 ದಿನ ಕ್ಯಾಶುಯಲ್ ರಜೆ ಇದೆ. ನಮ್ಮ ಮಲೆನಾಡಿನ ಹುಡುಗರು ಅದನ್ನೆಲ್ಲ ಅಡಿಕೆ ಕೊಯ್ಲಿಗೆ ಅಂತ ಕೂಡಿಟ್ಟುಕೊಳ್ತಾರೆ. ಕೊಯ್ಲಿಗೆ ಆಳು ಸಿಗಬಹುದು, ಮಳೆಗಾಲದಲ್ಲಿ ನಿನ್ನ ಜೊತೆ ಇರೋಕೆ ಆಳು ಸಿಗಲ್ಲ. ಈಗಲೇ ಸ್ವಲ್ಪ ದಿನ ಬರಲಿ. ಗಂಡ ಫೀಲ್ಡ್‌ನಲ್ಲಿದ್ದಾಗ ಹೆಂಡತಿ ಮಕ್ಕಳಿಗೆ ಫ್ಯಾಮಿಲಿ ಇರಬಹುದಾದ ಪೀಸ್ ಸ್ಟೇಷನ್ನಿನಲ್ಲಿ ಎಸ್‌ಎಫ್ (ಸೆಪರೇಟೆಡ್ ಫ್ಯಾಮಿಲಿ) ಕ್ವಾರ್ಟರ್ಸ್ ಅಂತ ಕೊಡ್ತಾರೆ, ಕಾಯಬೇಕಾಗುತ್ತೆ, ಆದ್ರೂ ಅರ್ಜಿ ಹಾಕಿಸು. ಅಲ್ಲಿ ಅಕ್ಕಪಕ್ಕ ನಿನ್ನಂಥವರೇ ಇರ್ತಾರೆ. ಜಿಲ್ಲಾ ಸೈನಿಕ ಕಚೇರಿ ಮಾಜಿಗಳಿಗೆ ಮಾತ್ರ ಅಂದುಕೊಳ್ಳಬೇಡ, ಸರ್ವೀಸಿನಲ್ಲಿ ಇರೋರ ಮನೆಯವರ ಅಹವಾಲನ್ನೂ ಅವರು ಕೇಳಬೇಕು.

ನರ್ಸ್, ಶಿವಮೊಗ್ಗ:

ಅಕ್ಕಾ, ನೀವು ದಬ್ಬೆ ವಿಷಯ ಮೊದಲು ಬರೆದು ತೊಟ್ಟಿಲ ವಿಷಯ ಕೊನೆಗೆ ಹಾಕಿದ್ದೀರಿ. ನನಗೆ ಹೆಚ್ಚು ಗಾಬರಿಯಾಗಿದ್ದು ತೊಟ್ಟಿಲದ್ದೇ. ಬಾಸುಂಡೆ ಕಣ್ಣಿಗೆ ಕಾಣುತ್ತೆ, ಯಾರಾದರೂ ಕೇಳ್ತಾರೆ. ಹಸಿದು ಒದ್ದೆಯಲ್ಲಿ ಮಲಗಿದ ಕೂಸನ್ನ ಯಾರೂ ನೋಡಲ್ಲ.

ಅಮೆರಿಕದ ಸೈನಿಕರ ಕುಟುಂಬಗಳ ಬಗ್ಗೆ 2007ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಮಕ್ಕಳ ಮೇಲೆ ದೌರ್ಜನ್ಯ ಆಗಿದೆ ಅಂತ ದಾಖಲಾಗಿದ್ದ 1,771 ಮನೆಗಳು. ಸೈನಿಕ ಮನೇಲಿದ್ದ ದಿನಗಳಿಗಿಂತ ಯುದ್ಧಭೂಮಿಗೆ ಹೋಗಿದ್ದ ದಿನಗಳಲ್ಲಿ ಇಂಥ ಪ್ರಕರಣ ಶೇ. 42ರಷ್ಟು ಜಾಸ್ತಿ. ಮನೇಲಿ ಉಳಿದ ಹೆಂಡತಿಯರಿಂದ ಆದ ಹೊಡೆತ ಸುಮಾರು ಎರಡು ಪಟ್ಟು, ನಿರ್ಲಕ್ಷ್ಯ ಸುಮಾರು ನಾಲ್ಕು ಪಟ್ಟು. ಅವರ ದೇಶ ಬೇರೆ, ಯುದ್ಧ ಬೇರೆ. ಆದ್ರೆ ಒಬ್ಬಳೇ ಹೊರಲಾರದ ಭಾರ ಒಬ್ಬಳ ಮೇಲೆ ಬಿದ್ದಾಗ ಏನಾಗುತ್ತೆ ಅನ್ನೋದು ನಿಮ್ಮ ಮನೆಗೂ ಸಲ್ಲುತ್ತೆ.

ನಿದ್ದೆ ಇಲ್ಲ, ಊಟ ಸೇರಲ್ಲ, ಕೂಸಿನ ಅಳು ಕೇಳಿದ್ರೆ ಎದ್ದು ಹೋಗಬೇಕು ಅನ್ಸುತ್ತೆ. ಇದು ಬಾಣಂತಿ ಖಿನ್ನತೆ ಇರಬಹುದು, ಹೆರಿಗೆಯಾಗಿ ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗುತ್ತೆ. ಇದಕ್ಕೆ ಔಷಧಿ ಇದೆ, ಮೊಲೆಹಾಲು ಕುಡಿಸ್ತಾನೇ ತಗೊಳ್ಳಬಹುದಾದ ಮಾತ್ರೆಗಳೂ ಇವೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ನಿಗದಿಯಾದ ಮಂಗಳವಾರ ಮನೋವೈದ್ಯರು ಬರ್ತಾರೆ. ಅಷ್ಟರೊಳಗೆ ತಡೆಯೋಕಾಗದಿದ್ರೆ 14416, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸಿಟ್ಟು ನೆತ್ತಿಗೇರಿದಾಗ ಕೂಸನ್ನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಜಗಲಿಗೆ ಬನ್ನಿ. ಅದರಲ್ಲಿ ತಪ್ಪಿಲ್ಲ. ಆದ್ರೆ ಜಗಲಿವರೆಗೆ ಮಾತ್ರ, ಅಳು ಕೇಳಿಸೋ ದೂರದಲ್ಲಿ, ಐದು ಹತ್ತು ನಿಮಿಷ. ಕೂಸನ್ನ ಹಿಡಿದು ಯಾವ ಕಾರಣಕ್ಕೂ ಅಲುಗಾಡಿಸಬೇಡಿ, ಆ ವಯಸ್ಸಲ್ಲಿ ಮಿದುಳಿಗೇ ಪೆಟ್ಟಾಗುತ್ತೆ. ದಬ್ಬೆ ಒಲೆಗೆ ಹಾಕಿ.

ಅಂಗನವಾಡಿ ಕಾರ್ಯಕರ್ತೆ, ತೀರ್ಥಹಳ್ಳಿ:

'ಜಾರಿ ಬಿದ್ದೆ' ಅನ್ನೋ ಮಕ್ಕಳನ್ನ ನಾನೂ ನೋಡಿದ್ದೀನಿ. ಜಾರಿದ ಗಾಯ ಮಂಡಿಗೆ, ಮೊಣಕೈಗೆ ಆಗುತ್ತೆ, ಮೀನಖಂಡದ ಹಿಂದೆ ಗೆರೆ ಬೀಳಲ್ಲ. ನಿಮ್ಮ ಟೀಚರಿಗೂ ಗೊತ್ತಾಗಿರುತ್ತೆ ಕಣಮ್ಮ. ಅವರ ಹತ್ರ ನೀವೇ ಹೋಗಿ ಹೇಳಿ. ದಿನಾ ಅವನ ಮುಖ ನೋಡೋ ಇನ್ನೊಂದು ಜೊತೆ ಕಣ್ಣು ನಿಮ್ಮ ಕಡೆಗಿರುತ್ತೆ.

1098ರ ಬಗ್ಗೆ ಸುಳ್ಳು ಧೈರ್ಯ ಕೊಡಲ್ಲ. ಮಗುವನ್ನ ಹೊಡೆದು ಹಿಂಸಿಸೋದು, ಬಿಟ್ಟುಹೋಗೋದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ. ಅದೇ ಕಾಯ್ದೆ, ಮಗು ಬೆಳೆಯೋ ಮೊದಲ ಜಾಗ ಅದರ ಮನೆ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಸಂಸ್ಥೆಗೆ ಸೇರಿಸಬೇಕು ಅಂತಲೂ ಹೇಳುತ್ತೆ. ಸಹಾಯ ಬೇಕು ಅಂತ ತಾನೇ ಕೇಳೋ ತಾಯಿಯನ್ನ ಎಲ್ಲರೂ ಬೇರೆ ರೀತಿಯೇ ನೋಡ್ತಾರೆ.

ಮಗನ ಹತ್ರ ಕ್ಷಮೆ ಕೇಳಿದ್ರಾ? ಕೇಳಿ. 'ನೀನು ಫೋನ್ ಹಾಳು ಮಾಡಿದ್ದಕ್ಕೆ' ಅಂತ ಸೇರಿಸಬೇಡಿ.

ಹೊಸನಗರದ ಗೃಹಿಣಿ:

ಎಲ್ಲರದ್ದೂ ಎರಡೆರಡು ಸಲ ಓದಿದೆ. ನಿನ್ನೆ ಮನೆಯವರ ಫೋನ್ ಬಂತು, ಹೇಳಿದೆ. ಹವಾಲ್ದಾರ್ ಅಣ್ಣನ ಮಾತೂ ಓದಿದೆ. ತುಂಬಾ ಹೊತ್ತು ಅವರು ಮಾತಾಡಲಿಲ್ಲ, ಗಾಳಿ ಸದ್ದು ಮಾತ್ರ ಕೇಳ್ತಿತ್ತು. ಆಮೇಲೆ 'ಅವನಿಗೆ ಫೋನ್ ಕೊಡು' ಅಂದ್ರು. ಮಗ ಅಪ್ಪನಿಗೂ ಜಾರಿ ಬಿದ್ದೆ ಅಂತಲೇ ಹೇಳಿದ. ಇಲ್ಲ ಪುಟ್ಟಾ, ನಾನು ಹೊಡೆದಿದ್ದು, ನನ್ನದೇ ತಪ್ಪು ಅಂತ ಅಲ್ಲೇ ಹೇಳಿದೆ. ಅವನು ನನ್ನ ಮುಖ ನೋಡ್ದ, ಏನೂ ಅನ್ನಲಿಲ್ಲ.

ಸೋಮವಾರ ಸಾಹೇಬರ ಹತ್ರ ರಜೆ ಕೇಳ್ತಾರಂತೆ. ನಾದಿನಿ ಹದಿನೈದು ದಿನ ಇರೋಕೆ ಬಂದಿದ್ದಾಳೆ. ಮಂಗಳವಾರ ಬೆಳಗ್ಗೆ ಬಸ್ಸಿಗೆ ಆಸ್ಪತ್ರೆಗೆ ಹೊರಡ್ತೀನಿ. ಮಗನನ್ನೂ ಕರ್ಕೊಂಡು ಹೋಗ್ಲಾ, ನಾದಿನಿ ಹತ್ರ ಬಿಟ್ಟು ಹೋಗ್ಲಾ?

ನರ್ಸ್, ಶಿವಮೊಗ್ಗ:

ಕರ್ಕೊಂಡು ಹೋಗಿ ಅಕ್ಕಾ. ಕಾಲನ್ನೂ ಡಾಕ್ಟರಿಗೆ ತೋರಿಸಿ. ಏನಾಯ್ತು ಅಂತ ಕೇಳಿದ್ರೆ ಉತ್ತರ ನೀವು ಕೊಡಿ, ಅವನ ಕೈಲಿ ಹೇಳಿಸಬೇಡಿ.