ಕಾಲರ್ ಬೋನ್ ಮುರಿತ: ಪ್ಲೇಟ್ ಹಾಕಿಸಬೇಕೇ, ಜೋಳಿಗೆ ಸಾಕೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಆರು ದಿನಗಳ ಹಿಂದೆ ಬೈಕಿನಿಂದ ಬಿದ್ದು ಬಲಗಡೆಯ ಕಾಲರ್ ಬೋನ್ ಮುರಿದುಕೊಂಡಿದ್ದಾನೆ. ಒಬ್ಬ ವೈದ್ಯರು ಆಪರೇಷನ್ ಮಾಡಿ ಲೋಹದ ಪ್ಲೇಟ್ ಹಾಕಬೇಕೆನ್ನುತ್ತಾರೆ, ಇನ್ನೊಬ್ಬರು ಕೈಯನ್ನು ಕುತ್ತಿಗೆಗೆ ತೂಗುಹಾಕುವ ಜೋಳಿಗೆ (ಸ್ಲಿಂಗ್) ಸಾಕೆನ್ನುತ್ತಾರೆ, ಮನೆಯ ಹಿರಿಯರು ನಾಟಿ ಪದ್ಧತಿಯ ಪುತ್ತೂರು ಕಟ್ಟು ಹಾಕಿಸೋಣ ಎನ್ನುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಎರಡು ವರ್ಷಗಳ ಹಿಂದೆ ನನಗೂ ಇದೇ ಮೂಳೆ ನಡುಭಾಗದಲ್ಲಿ ಮುರಿದಿತ್ತು. ಇಬ್ಬರು ವೈದ್ಯರ ಮಾತು ಬೇರೆಯಾಯಿತೆಂದು ದಯವಿಟ್ಟು ಗಾಬರಿಯಾಗಬೇಡಿ, ಎರಡಕ್ಕೂ ಆಧಾರವಿದೆ. ಈ ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದೇ ವೈದ್ಯರು ಬಹುಕಾಲ ನಂಬಿದ್ದರು. ತುಂಡುಗಳು ಪೂರ್ತಿ ಸರಿದುಹೋಗಿದ್ದವರ ಮೇಲೆ ಕೆನಡಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಲೇಟ್ ಹಾಕಿಸಿಕೊಂಡವರ ಮೂಳೆ ಸರಾಸರಿ 16 ವಾರಗಳಲ್ಲಿ ಕೂಡಿದರೆ ಜೋಳಿಗೆಯವರಿಗೆ 28 ವಾರ ಬೇಕಾಯಿತು. ಮೂಳೆ ಕೂಡದೆ ಉಳಿದವರು ಮೊದಲ ಗುಂಪಿನ 62 ಮಂದಿಯಲ್ಲಿ 2, ಎರಡನೆಯ ಗುಂಪಿನ 49 ಮಂದಿಯಲ್ಲಿ 7. ಆದರೆ ವರ್ಷ ಕಳೆದ ಮೇಲೆ ಕೈಯ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲವೆಂದು ನಂತರದ ಅಧ್ಯಯನಗಳು ಹೇಳಿದವು.

ಆದ್ದರಿಂದ ನೀವು ವೈದ್ಯರನ್ನು ಕೇಳಬೇಕಾದದ್ದು ಒಂದೇ: ತುಂಡುಗಳು ಒಂದರ ಮೇಲೊಂದು ಏರಿ ಮೂಳೆ ಎಷ್ಟು ಗಿಡ್ಡವಾಗಿದೆ? ನನ್ನ ವೈದ್ಯರು ಎಕ್ಸ್‌ರೇಯ ಎರಡು ಬದಿಗಳನ್ನೂ ಅಳೆದು ತೋರಿಸಿದಾಗ ಎರಡು ಸೆಂಟಿಮೀಟರಿಗಿಂತ ಹೆಚ್ಚಿತ್ತು, ನಡುವೆ ಒಂದು ಚೂರು ಅಡ್ಡವಾಗಿ ನಿಂತಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ನಾನು ಆಪರೇಷನ್ನಿಗೆ ಒಪ್ಪಿದೆ, ಒಪ್ಪಿದ್ದಕ್ಕೆ ಇಂದಿಗೂ ಸಮಾಧಾನವಿದೆ. ಆದರೆ ಗಾಯದ ಗೆರೆಯ ಕೆಳಗೆ ಅಂಗೈಯಗಲದ ಜಾಗ ಇನ್ನೂ ಮರಗಟ್ಟಿದಂತಿದೆ. ಆ ಚರ್ಮಕ್ಕೆ ಹೋಗುವ ಸಣ್ಣ ನರಗಳು ಕೊಯ್ಯುವಾಗ ತುಂಡಾಗಬಹುದೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಬ್ಯಾಗಿನ ಪಟ್ಟಿ ಪ್ಲೇಟಿನ ಮೇಲೆ ಒತ್ತುತ್ತದೆ. ಪ್ಲೇಟ್ ತೆಗೆಸುವುದು ಕಡ್ಡಾಯವಲ್ಲ, ತೆಗೆಸುವುದಾದರೆ ಮೂಳೆ ಗಟ್ಟಿಯಾಗುವವರೆಗೆ, ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಯಬೇಕು.

ಉತ್ತರ 2: ನಮ್ಮ ಮನೆಯವರಿಗೆ ತುಂಡುಗಳು ಹೆಚ್ಚು ಸರಿದಿರಲಿಲ್ಲ, ಜೋಳಿಗೆಯಲ್ಲೇ ವಾಸಿಯಾಯಿತು. ಮೊದಲ ಎರಡು ವಾರ ಮಲಗಿದರೆ ಮೂಳೆ ಕಟಕಟ ಎನ್ನುತ್ತಿದ್ದುದರಿಂದ, ಬೆನ್ನಿಗೆ ಮೂರು ದಿಂಬು ಇಟ್ಟುಕೊಂಡು ಕುಳಿತಂತೆಯೇ ನಿದ್ರಿಸುತ್ತಿದ್ದರು. ಮೂಳೆ ಕೂಡಿದ ಜಾಗದಲ್ಲಿ ಗಂಟು ಉಳಿದಿದೆ, ಕೈ ಮಾತ್ರ ಪೂರ್ತಿ ಮೇಲೇಳುತ್ತದೆ.

ಉತ್ತರ 3: ನಾನು ಫಿಸಿಯೋಥೆರಪಿಸ್ಟ್. ಮೂಳೆಯ ಚೂಪು ಚರ್ಮವನ್ನು ಒಳಗಿನಿಂದ ಎತ್ತಿ ಬಿಳುಚಿಸಿದ್ದರೆ, ಬೆರಳುಗಳು ಜುಮ್ಮೆನ್ನುತ್ತಿದ್ದರೆ ಅಥವಾ ಕೈ ತಣ್ಣಗಾಗಿದ್ದರೆ ಇಂದೇ ಆಸ್ಪತ್ರೆಗೆ ಹೋಗಿ. ಇವು ಯಾವುವೂ ಇಲ್ಲದಿದ್ದರೆ ಮೂರನೆಯ ವೈದ್ಯರ ಅಭಿಪ್ರಾಯ ಪಡೆಯುವಷ್ಟು ಸಮಯ ನಿಮಗಿದೆ, ಆದರೆ ತಿಂಗಳುಗಟ್ಟಲೆ ಮುಂದೂಡಬೇಡಿ. ಕಟ್ಟಿನ ವಿಷಯದಲ್ಲಿ ಹಿರಿಯರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಈ ಮೂಳೆಯ ಕೆಳಗೇ ಕೈಗೆ ಹೋಗುವ ದೊಡ್ಡ ರಕ್ತನಾಳ ಮತ್ತು ನರಗಳಿವೆ, ಅಲ್ಲಿ ಎಣ್ಣೆ ಹಚ್ಚಿ ನೀವಲು ಯಾರಿಗೂ ಬಿಡಬೇಡಿ. ನಿಮ್ಮ ತಮ್ಮ ಸಿಗರೇಟು ಸೇದುತ್ತಿದ್ದರೆ ನಿಲ್ಲಿಸಲೇಬೇಕು, ಮೂಳೆ ಕೂಡದಿರಲು ಅದೂ ಒಂದು ಕಾರಣ.

ಪ್ಲೇಟ್ ಹಾಕಿಸಿದರೆ ಬೇಗ ಬೈಕ್ ಏರಬಹುದೆಂದು ನಿಮ್ಮ ತಮ್ಮ ಎಣಿಸಿದ್ದರೆ ಇದನ್ನು ಹೇಳಿ: 2013ರಲ್ಲಿ ಮೋಟೊಜಿಪಿ ಬೈಕ್ ರೇಸಿನ ಸವಾರ ಹೋರ್ಹೆ ಲೊರೆಂಜೊ ಇದೇ ಮೂಳೆಗೆ ಪ್ಲೇಟ್ ಹಾಕಿಸಿದ ಆಪರೇಷನ್ನಿನ ಮರುದಿನವೇ ಸ್ಪರ್ಧಿಸಿ ಐದನೆಯವರಾದರು, ಎರಡು ವಾರಗಳಲ್ಲಿ ಮತ್ತೆ ಬಿದ್ದು ಆ ಪ್ಲೇಟೇ ಬಾಗಿತು, ಪುನಃ ಆಪರೇಷನ್ ಆಯಿತು. ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣುವವರೆಗೆ ತಮ್ಮನಿಗೆ ಬೈಕಿನ ಕೀ ಕೊಡಬೇಡಿ.